‘ನಾವೆಲ್ಲ ಒಂದೇ ಮನೆಯವರು’ ಎಂದ ಕಂಪನಿ ರಾಜೀನಾಮೆ ಕೇಳಿದಾಗ

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ವಯಸ್ಸು 33. ಇಲ್ಲಿನದೇ ಒಂದು ಸಾಫ್ಟ್‌ವೇರ್ ಕಂಪನಿಗೆ 2018ರ ಜೂನ್‌ನಲ್ಲಿ ಸೇರಿದೆ. ಏಳು ವರ್ಷ ಎಂಟು ತಿಂಗಳಾಯಿತು. 120 ಜನರ ಕಂಪನಿ. ಹುದ್ದೆಯ ಹೆಸರು ಟೀಮ್ ಲೀಡ್, ಮಾಡುವುದು ಬಹುಪಾಲು ಟೆಸ್ಟಿಂಗ್. ಸಂಬಳ 62,000, ಅದರಲ್ಲಿ ಬೇಸಿಕ್ 26,000. ನಮ್ಮ ಸರ್ ಮೊದಲ ದಿನದಿಂದಲೂ ‘ಇದು ಕಂಪನಿ ಅಲ್ಲ, ನಮ್ಮ ಮನಿ’ ಅನ್ನುತ್ತ ಬಂದವರು. 2020ರ ಲಾಕ್‌ಡೌನ್‌ನಲ್ಲಿ ‘ಮನ್ಯಾಗ ತ್ರಾಸ ಬಂದಾಗ ಎಲ್ಲಾರೂ ಹೊಂದ್ಕೊಂಡು ಹೋಗಬೇಕು’ ಅಂದರು. ಆರು ತಿಂಗಳು ಶೇ 30ರಷ್ಟು ಸಂಬಳ ಬಿಟ್ಟೆವು. ಆಗ ನನ್ನ ಸಂಬಳ 40,000. ಮುಂದೆ ಕೊಡುತ್ತೇವೆ ಅಂದಿದ್ದರು. ಕೊಡಲಿಲ್ಲ, ನಾವೂ ಕೇಳಲಿಲ್ಲ. ಹೋದ ವಾರ 14 ಜನರನ್ನು ಒಬ್ಬೊಬ್ಬರಾಗಿ ಕರೆದು, ‘ಪರ್ಫಾರ್ಮೆನ್ಸ್ ಸರಿ ಇಲ್ಲ, ರಾಜೀನಾಮೆ ಬರೆದುಕೊಡಿ, ಎಲ್ಲ ಸೇರಿ ಎರಡು ತಿಂಗಳ ಸಂಬಳ ಕೊಡುತ್ತೇವೆ, ಇಲ್ಲದಿದ್ದರೆ ಟರ್ಮಿನೇಟ್ ಮಾಡುತ್ತೇವೆ, ರಿಲೀವಿಂಗ್ ಲೆಟರ್ ಸಿಗುವುದಿಲ್ಲ’ ಎಂದಿದ್ದಾರೆ. ತಿಂಗಳ ಕೊನೆಯವರೆಗೆ ಟೈಮ್ ಇದೆ. ಸರ್ ನಮ್ಮೆದುರು ಕಣ್ಣೀರು ಹಾಕಿದರು. ಅದೇ ಸಂಜೆ ಕಂಪನಿಯ ‘ಫ್ಯಾಮಿಲಿ’ ವಾಟ್ಸ್‌ಆ್ಯಪ್ ಗ್ರೂಪಿನಿಂದ ನಮ್ಮನ್ನು ತೆಗೆದರು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಅವರಿಗೆ ಹೇಳುವ ಧೈರ್ಯ ಬಂದಿಲ್ಲ; ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು ಉಣಕಲ್ ಕೆರೆ ಕಡೆ ಕುಳಿತು ಬರುತ್ತೇನೆ. ಅವ್ವನಿಗೆ ಸಕ್ಕರೆ ಕಾಯಿಲೆ, ಅವರ ವಿಮೆ ನನ್ನ ಕಂಪನಿಯದೇ. ನಾನು ಸಹಿ ಹಾಕಬೇಕೇ? ಅವರು ಅಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳೇ?

ಉತ್ತರ: ತಂಗಿ, ಸಹಿ ಹಾಕಬೇಡಿ. ಉಳಿದ ಮಾತು ಆಮೇಲೆ.

ಇವತ್ತೇ ಎಚ್‌ಆರ್‌ಗೆ ಒಂದು ಮೇಲ್ ಕಳಿಸಿ. ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಹೋಗಲಿ. ಉದ್ದ ಬೇಡ, ಸಿಟ್ಟು ಬೇಡ. ‘ಇಂಥ ದಿನ ಇಂಥವರು ಕರೆದು ರಾಜೀನಾಮೆ ಕೊಡುವಂತೆ ಹೇಳಿದಿರಿ. ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿಲ್ಲ, ಕೆಲಸ ಮಾಡಲು ಸಿದ್ಧಳಿದ್ದೇನೆ. ಕಂಪನಿ ನನ್ನನ್ನು ಕಡಿಮೆ ಮಾಡುವುದೇ ಆದರೆ ಕಾರಣ ಹಾಗೂ ನನಗೆ ಬರಬೇಕಾದ ಹಣದ ಲೆಕ್ಕವನ್ನು ಬರಹದಲ್ಲಿ ಕೊಡಿ’ ಇಷ್ಟು ಸಾಕು. ಅವರು ಬಾಯಿಮಾತಿನಲ್ಲಿ ನಡೆಸಿದ್ದನ್ನು ನೀವು ಕಾಗದಕ್ಕೆ ತಂದಿರಿ ಅನ್ನುವುದೇ ಅರ್ಧ ಕೆಲಸ. ಇಂಥ ಒಂದು ಮೇಲ್ ಹೋದ ಮೇಲೆ ಎಚ್‌ಆರ್‌ನವರ ದನಿ ಎಷ್ಟು ಮೆತ್ತಗಾಗುತ್ತದೆ ಅನ್ನುವುದನ್ನು ಲೇಬರ್ ಕೋರ್ಟಿನ ವರಾಂಡದಲ್ಲಿ ಕುಳಿತು ಬಹಳ ನೋಡಿದ್ದೇನೆ. ನಾನು ವಕೀಲನಾಗಿ ಆಡಳಿತ ಮಂಡಳಿಗಳ ಪರವಾಗಿಯೂ ನಿಂತವನು. ಆ ಕಡೆಯವರು ಏನಕ್ಕೆ ಹೆದರುತ್ತಾರೆ ಅನ್ನುವುದೂ ಗೊತ್ತು.

ಅವರಿಗೆ ನಿಮ್ಮ ರಾಜೀನಾಮೆಯೇ ಯಾಕೆ ಬೇಕು? ಕಂಪನಿ ತಾನಾಗಿ ತೆಗೆದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಇದೆ, ನೀವಾಗಿ ಬಿಟ್ಟರೆ ಇಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೇ ಉಳಿದಿದೆ. ಒಂದು ವರ್ಷ ನಿರಂತರವಾಗಿ ದುಡಿದ ಕೆಲಸಗಾರರನ್ನು ಕಡಿಮೆ ಮಾಡಬೇಕಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ದಿನದ ವೇತನ. ಅದರ ಮೇಲೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ. ಆರು ತಿಂಗಳು ದಾಟಿದ ಭಾಗವನ್ನೂ ಒಂದು ವರ್ಷವೆಂದೇ ಎಣಿಸಬೇಕು. ಸರ್ಕಾರಕ್ಕೂ ತಿಳಿಸಬೇಕು. ಹೊಸ ಸಂಹಿತೆಯಲ್ಲಿ ಇನ್ನೊಂದು ಸೇರಿದೆ: ತೆಗೆದ ಪ್ರತಿಯೊಬ್ಬರ 15 ದಿನದ ವೇತನವನ್ನು ಮಾಲೀಕರು ಮರುಕೌಶಲ ನಿಧಿಗೆ (ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಇರುವ ನಿಧಿ) ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ‘ನನ್ನ ವೈಯಕ್ತಿಕ ಕಾರಣಗಳಿಗಾಗಿ ಬಿಡುತ್ತಿದ್ದೇನೆ’ ಅಂತ ಒಂದು ಸಾಲಿಗೆ ನೀವು ಸಹಿ ಹಾಕಿದರೆ ಈ ಬಾಬತ್ತೆಲ್ಲ ಹೋಯಿತು. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯೇ ಅಲ್ಲ ಎಂದು ವಾದಿಸಬಹುದು, ಗೆದ್ದವರೂ ಇದ್ದಾರೆ. ಆದರೆ ಒತ್ತಾಯವಿತ್ತು ಎಂದು ಸಾಬೀತು ಮಾಡುವ ಭಾರ ಆಗ ನಿಮ್ಮ ತಲೆಮೇಲೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ಇದೆಲ್ಲ ಕಾನೂನು ‘ಕೆಲಸಗಾರ’ ಎಂದು ಒಪ್ಪುವವರಿಗೆ ಮಾತ್ರ. ವ್ಯವಸ್ಥಾಪಕರು ಹೊರಗೆ. ಮೇಲ್ವಿಚಾರಣೆಯೇ ಕೆಲಸವಾಗಿದ್ದು ವೇತನ ತಿಂಗಳಿಗೆ 18,000 ದಾಟಿದ್ದರೆ ಅವರೂ ಹೊರಗೆ. ನಿಮ್ಮ ಕಂಪನಿಯ ವಕೀಲರು ಮೊದಲು ಹಿಡಿಯುವ ಎಳೆ ಇದೇ: ‘ಅವರು ಟೀಮ್ ಲೀಡ್ ಇದ್ದರು’. ಆದರೆ ಕೋರ್ಟು ನೋಡುವುದು ವಿಸಿಟಿಂಗ್ ಕಾರ್ಡನ್ನಲ್ಲ, ದಿನವಿಡೀ ಕೈ ಏನು ಮಾಡುತ್ತಿತ್ತು ಅನ್ನುವುದನ್ನು. ರಜೆ ಮಂಜೂರು ಮಾಡುವುದು, ಸಂಬಳ ಹೆಚ್ಚಿಸಲು ಶಿಫಾರಸು, ಜನರನ್ನು ತೆಗೆದುಕೊಳ್ಳುವುದು ತೆಗೆಯುವುದು ನಿಮ್ಮ ಕೈಯಲ್ಲಿತ್ತೇ? ಅಥವಾ ನಾಲ್ಕು ಜನರ ಜೊತೆ ನೀವೂ ಕುಳಿತು ಟೆಸ್ಟ್ ಕೇಸ್ ಬರೆದು, ದೋಷ ಹಿಡಿದು, ಸಂಜೆ ಸ್ಟೇಟಸ್ ಕಳಿಸುತ್ತಿದ್ದಿರಾ? ಎರಡನೆಯದಾದರೆ ನೀವು ತಾಂತ್ರಿಕ ಕೆಲಸಗಾರರು ಎನ್ನಲು ಗಟ್ಟಿ ಆಧಾರವಿದೆ. ಮನೆಯಲ್ಲಿ ಕುಳಿತು ಒಂದು ಸಾಮಾನ್ಯ ವಾರದ ಕೆಲಸವನ್ನು ದಿನವಾರು ಬರೆದಿಡಿ, ನೆನಪು ಹಸಿಯಾಗಿರುವಾಗಲೇ.

ಈಗ ಲೆಕ್ಕ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಎಲ್ಲ ಸೇರಿ ಎರಡು ತಿಂಗಳು’ ಅನ್ನುವ ಕಡೆ. ಎರಡು ತಿಂಗಳೆಂದರೆ 1,24,000. ಗ್ರಾಚ್ಯುಟಿ ಎಂಬುದು ಐದು ವರ್ಷ ತುಂಬಿದ ಯಾರಿಗೇ ಆಗಲಿ, ತೆಗೆದರೂ, ತಾವೇ ಬಿಟ್ಟರೂ ಬರಬೇಕಾದ ಹಣ. ಹತ್ತು ಜನ ದುಡಿಯುವ ಅಂಗಡಿಗೂ ಅನ್ವಯ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುವುದು. ನಿಮ್ಮ ಏಳು ವರ್ಷ ಎಂಟು ತಿಂಗಳು ಎಂಟು ವರ್ಷವಾಗುತ್ತದೆ. ಬೇಸಿಕ್ 26,000ದ ಮೇಲೆ ಹಾಕಿದರೆ ವರ್ಷಕ್ಕೆ 15,000, ಎಂಟಕ್ಕೆ 1,20,000. ಆದರೆ ಹೊಸ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆ ಬದಲಾಗಿದೆ: ಭತ್ಯೆಗಳ ಹೆಸರಿನಲ್ಲಿ ಎಷ್ಟೇ ಒಡೆದರೂ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆಯನ್ನು ವೇತನವೆಂದು ತೋರಿಸುವಂತಿಲ್ಲ. ನಿಮ್ಮ 62,000ದ ಅರ್ಧ 31,000. ಅದರ ಮೇಲೆ ಹಾಕಿದರೆ ಸುಮಾರು 1,43,000. ಅಂದರೆ ಸರ್ ಅವರು ಕಣ್ಣೀರಿನ ಜೊತೆ ಕೊಡಲು ಹೊರಟ ಹಣ, ನೀವು ಸುಮ್ಮನೆ ರಾಜೀನಾಮೆ ಬಿಸಾಕಿ ಹೋಗಿದ್ದರೂ ಬರುತ್ತಿದ್ದುದಕ್ಕಿಂತ ಕಡಿಮೆ.

ಕೆಲಸಗಾರರೆಂದಾದರೆ ಇದರ ಮೇಲೆ ಪರಿಹಾರ, ಎಂಟು ವರ್ಷಕ್ಕೆ ಅರ್ಧರ್ಧ ತಿಂಗಳಂತೆ ನಾಲ್ಕು ತಿಂಗಳ ವೇತನ, 31,000ದಂತೆ ಹಿಡಿದರೂ 1,24,000. ಜೊತೆಗೆ ನೋಟಿಸ್ ತಿಂಗಳು, ಮರುಕೌಶಲ ನಿಧಿಯ 15 ದಿನ, ಬಾಕಿ ರಜೆಯ ನಗದು. ಕೆಲಸಗಾರರಲ್ಲ ಎಂದಾದರೂ ಗ್ರಾಚ್ಯುಟಿ, ರಜೆಯ ಹಣ, ನೇಮಕಾತಿ ಪತ್ರದಲ್ಲಿ ಬರೆದಷ್ಟು ನೋಟಿಸ್ ವೇತನ ಎಲ್ಲಿಗೂ ಹೋಗುವುದಿಲ್ಲ. ವೇತನ ಬಾಕಿಯನ್ನು ಕೆಲಸದಿಂದ ಬಿಡಿಸಿದ ಎರಡು ಕೆಲಸದ ದಿನಗಳೊಳಗೆ, ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕೆಂಬುದು ನಿಯಮ. ಮುಂದಿನ ಸಲ ಅವರು ಕರೆದಾಗ ‘ಎಲ್ಲ ಸೇರಿ ಅಂದರೆ ಯಾವ್ಯಾವುದು ಸೇರಿ?’ ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ಬರಲಿ ಅನ್ನಿ.

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿ ನಿಮ್ಮನ್ನು ತೆಗೆಯಲೇಬಾರದಿತ್ತು ಅಂತಲ್ಲ. ಸರ್ಕಾರದ ಪೂರ್ವಾನುಮತಿ ಬೇಕಿರುವುದು 300 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ, ಗಣಿ, ತೋಟಗಳಿಗೆ. ಹಳೆಯ ಕಾಯ್ದೆಯಲ್ಲಿ ಆ ಸಂಖ್ಯೆ 100 ಇತ್ತು. 120 ಜನರ ಸಾಫ್ಟ್‌ವೇರ್ ಕಚೇರಿಗೆ ಅದು ಬೇಡ. ಪರದೇಶದ ಗ್ರಾಹಕ ಕೈಬಿಟ್ಟರೆ ಸಂಬಳ ಕೊಡುವುದು ಎಲ್ಲಿಂದ ಅನ್ನುವುದೂ ನಿಜವಾದ ಪ್ರಶ್ನೆಯೇ. ಆದರೆ ವ್ಯಾಪಾರ ಕುಗ್ಗಿದ್ದಕ್ಕೆ ತೆಗೆಯುವುದಾದರೆ ಹಾಗೆಂದೇ ಬರೆಯಬೇಕು. ಒಂದೇ ವಾರದಲ್ಲಿ 14 ಜನರ ‘ಪರ್ಫಾರ್ಮೆನ್ಸ್’ ಒಟ್ಟಿಗೆ ಕೆಡುತ್ತದೆಯೇ? ಹೋದ ವರ್ಷದ ನಿಮ್ಮ ಮೌಲ್ಯಮಾಪನದ ಪತ್ರ ಹುಡುಕಿ. ಅದರಲ್ಲಿ ಮೆಚ್ಚುಗೆ ಇದ್ದು, ಸಂಬಳವನ್ನೂ ಹೆಚ್ಚಿಸಿದ್ದರೆ, ಈ ಕಾರಣವನ್ನು ಕಟ್ಟಿದ್ದು ಯಾಕೆ ಅಂತ ಅವರೇ ವಿವರಿಸಬೇಕಾಗುತ್ತದೆ. ಇನ್ನೊಂದು, ಒಂದೇ ವರ್ಗದ ಕೆಲಸದಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು. ಬೇರೆ ಕ್ರಮ ಅನುಸರಿಸಿದರೆ ಕಾರಣ ದಾಖಲಿಸಬೇಕು. ನಿಮಗಿಂತ ಐದು ವರ್ಷ ತಡವಾಗಿ ಸೇರಿದ ಟೆಸ್ಟರ್ ಒಳಗಿದ್ದು ನೀವು ಹೊರಗೆ ಅಂತಾದರೆ ಅದನ್ನು ಗುರುತು ಹಾಕಿಕೊಳ್ಳಿ. ಒಂದು ವರ್ಷದೊಳಗೆ ಮತ್ತೆ ಜನ ಬೇಕೆಂದರೆ ತೆಗೆದವರಿಗೇ ಮೊದಲ ಅವಕಾಶ ಕೊಡಬೇಕು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ನಿಯಮಗಳನ್ನು ಬರೆದಿಡಬೇಕೆನ್ನುವ, ಹಳೆಯ ಕಾಯ್ದೆಯಿಂದ ವಿನಾಯಿತಿ ಸಿಕ್ಕಿದ್ದೂ ಷರತ್ತಿನ ಮೇಲೆಯೇ. ಕುಂದುಕೊರತೆ ಸಮಿತಿ ಇರಬೇಕಿತ್ತು, ಕೆಲಸದಿಂದ ತೆಗೆದದ್ದನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. ನಿಮ್ಮ ಕಂಪನಿಯಲ್ಲಿ ಆ ಸಮಿತಿ ಇದ್ದದ್ದು ನಿಮಗೆ ಗೊತ್ತಿತ್ತೇ?

ಮಾತಿಗೆ ಬಗ್ಗದಿದ್ದರೆ ಹುಬ್ಬಳ್ಳಿಯ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. 14 ಜನರಲ್ಲಿ ನಾಲ್ಕು ಜನ ಜೊತೆಗೂಡಿದರೂ ಬಲ. ಮೊದಲು ಸಂಧಾನ ನಡೆಯುತ್ತದೆ. ಆ ಹಂತದಲ್ಲಿ ವಕೀಲರು ಪ್ರತಿನಿಧಿಸುವಂತಿಲ್ಲ, ಆದ್ದರಿಂದ ನಮ್ಮಂಥವರ ಫೀ ಉಳಿಯಿತು ಅಂದುಕೊಳ್ಳಿ. ಎರಡು ವರ್ಷದ ಮಿತಿ ಇದೆ, ಆದರೆ ಎರಡು ತಿಂಗಳೂ ಕಾಯಬೇಡಿ. ಅಲ್ಲಿ ಬಗೆಹರಿಯದೆ ಮುಂದಕ್ಕೆ ಹೋದರೆ ವರ್ಷಗಳೇ ಹಿಡಿಯುತ್ತವೆ. 33ನೇ ವಯಸ್ಸಿನ ಹೆಣ್ಣುಮಗಳು ಹೊಸ ಕೆಲಸ ಹುಡುಕುವ ಹೊತ್ತಿನಲ್ಲಿ ಕೋರ್ಟಿನ ತಾರೀಖು ಎಣಿಸುತ್ತ ಕೂರುವುದು ನನಗೆ ಇಷ್ಟವಿಲ್ಲ. ನಿಮ್ಮ ಪ್ರಕರಣದಲ್ಲಿ ಕಾನೂನಿನ ಉಪಯೋಗ ಮಾತುಕತೆಯ ಮೇಜಿನ ಮೇಲೆ. ಲೆಕ್ಕ ಸರಿಯಾಗಿ ಕೊಟ್ಟರೆ, ಪತ್ರದಲ್ಲಿ ‘ಪರ್ಫಾರ್ಮೆನ್ಸ್’ ಅನ್ನುವುದನ್ನು ತೆಗೆದರೆ, ಒಪ್ಪಿಕೊಂಡು ಹೊರಬನ್ನಿ.

2020ರ ಸಂಬಳದ ವಿಷಯ ಸ್ವಲ್ಪ ಸೂಕ್ಷ್ಮ. 40,000ದ ಶೇ 30 ಅಂದರೆ 12,000, ಆರು ತಿಂಗಳಿಗೆ 72,000. ಸಂಬಳದ ಬಾಕಿ ಕೇಳಲು ಮೂರು ವರ್ಷದ ಮಿತಿ. ಅದು 2023ಕ್ಕೇ ಮುಗಿಯಿತು ಅನ್ನಬಹುದು. ಆದರೆ ಮಿತಿ ಮುಗಿಯುವ ಮೊದಲೇ ‘ಇಷ್ಟು ಕೊಡಬೇಕಿದೆ’ ಎಂದು ಅವರು ಬರಹದಲ್ಲಿ ಒಪ್ಪಿದ್ದರೆ ಅಲ್ಲಿಂದ ಹೊಸ ಮೂರು ವರ್ಷ ಶುರು. ಹಳೆಯ ಮೇಲ್‌ಗಳಲ್ಲಿ ಹುಡುಕಿ. ಸಿಗಲಿಲ್ಲವೆಂದರೆ ಕೋರ್ಟಿನಲ್ಲಿ ಅದು ಸೊರಗಿದ ವಾದ. ಆದರೂ ಮಾತುಕತೆಯಲ್ಲಿ ಎತ್ತಿ. ಮನೆಯ ತ್ರಾಸಕ್ಕೆ ನೀವು ಕೊಟ್ಟದ್ದು 72,000, ಮನೆಯವರು ಈಗ ಕೊಡಲು ಒಪ್ಪುತ್ತಿರುವುದು ಏನು ಎಂದು ಶಾಂತವಾಗಿ ಕೇಳಬಹುದು. ಈ ಪ್ರಶ್ನೆಗೆ ನಿಮ್ಮ ಸರ್ ನಿಮ್ಮ ಮುಖ ನೋಡಿ ಉತ್ತರ ಕೊಡಲಿಕ್ಕಿಲ್ಲ.

ಇನ್ನು, ಅವರು ಹೇಳಿದ್ದೆಲ್ಲ ಸುಳ್ಳೇ ಅಂತ ಕೇಳಿದ್ದೀರಿ.

ಸುಳ್ಳಿರಲಿಕ್ಕಿಲ್ಲ. ಅತ್ತಿದ್ದೂ ನಾಟಕವಿರಲಿಕ್ಕಿಲ್ಲ. ಹತ್ತು ಜನರೊಂದಿಗೆ ಬಾಡಿಗೆ ಕೋಣೆಯಲ್ಲಿ ಕಂಪನಿ ಶುರು ಮಾಡಿ, ಒಟ್ಟಿಗೆ ಗಿರಮಿಟ್ಟು ತಿಂದು, ರಾತ್ರಿ ಹನ್ನೊಂದಕ್ಕೆ ಹುಡುಗಿಯರನ್ನು ತಾವೇ ಮನೆಗೆ ಬಿಟ್ಟು ಬಂದವರಿಗೆ ಆ ಭಾವನೆ ಹುಟ್ಟುವುದು ಸಹಜ. ತೊಡಕು ಇರುವುದು ಆ ಭಾವನೆ ಯಾವ ದಿಕ್ಕಿಗೆ ಕೆಲಸ ಮಾಡಿತು ಅನ್ನುವುದರಲ್ಲಿ. ನೀವು ರಾತ್ರಿ ಉಳಿಯಬೇಕಾದಾಗ ಮನೆ. ಸಂಬಳ ಬಿಡಬೇಕಾದಾಗ ಮನೆ. ಓವರ್‌ಟೈಮ್ ಕೇಳಬಾರದು ಅನ್ನುವಾಗ ಮನೆ. ಲೆಕ್ಕ ಕೊಡುವ ದಿನ ಮಾತ್ರ ಕಂಪನಿ. ನನ್ನ ಕಡತದಲ್ಲಿ ಇಂಥ ಒಂದು ಪತ್ರವಿದೆ, ಬೇರೆ ಊರಿನ ಬೇರೆ ಕಂಪನಿಯದು. ಮೊದಲ ಪ್ಯಾರಾದಲ್ಲಿ ‘ನೀವು ಎಂದೆಂದಿಗೂ ನಮ್ಮ ಕುಟುಂಬದ ಸದಸ್ಯರು’, ಎರಡನೆಯದರಲ್ಲಿ ‘ಇಂದು ಸಂಜೆ ಐದರಿಂದ ನಿಮ್ಮ ಪ್ರವೇಶ ಕಾರ್ಡ್ ನಿಷ್ಕ್ರಿಯ’, ಮೂರನೆಯದರಲ್ಲಿ ಕಂಪನಿಯ ವಿರುದ್ಧ ಎಲ್ಲೂ ಮಾತಾಡಬಾರದೆಂಬ ಷರತ್ತು. ಬರೆದವರಿಗೆ ಅದರಲ್ಲಿ ಏನೂ ವಿಚಿತ್ರ ಕಂಡಿಲ್ಲ.

ನಮ್ಮ ಕಡೆಯ ಒಕ್ಕಲು ಮನೆಗಳನ್ನು ನೋಡಿ. ಮಳೆ ಕೈಕೊಟ್ಟ ವರ್ಷ ಎಲ್ಲರ ತಾಟಿನಲ್ಲೂ ರೊಟ್ಟಿ ಕಡಿಮೆಯಾಗುತ್ತದೆ, ಹಿರಿಯರದು ಮೊದಲು. ಮೂರನೇ ಸೊಸೆಯ ಪರ್ಫಾರ್ಮೆನ್ಸ್ ನೋಡಿ ಹೊರಗೆ ಹಾಕುವುದಿಲ್ಲ. ಒಟ್ಟಿಗೆ ಬಾಳಲು ಆಗಲಿಲ್ಲವೆಂದರೆ ನಾಲ್ಕು ಜನರನ್ನು ಕೂರಿಸಿ ವಾಟ್ನಿ ಆಗುತ್ತದೆ, ಹೋಗುವವನಿಗೂ ಹೊಲದಲ್ಲಿ, ಮನೆಯಲ್ಲಿ, ಬಾವಿಯ ನೀರಿನಲ್ಲಿ ಪಾಲು. ನಿಮ್ಮ ಕಂಪನಿಯಲ್ಲಿ ಈ ಸಲ ಸರ್ ತಮ್ಮ ಸಂಬಳ ಎಷ್ಟು ಇಳಿಸಿಕೊಂಡರು? ಎಲ್ಲರದೂ ಸ್ವಲ್ಪ ಇಳಿಸಿ 14 ಜನರನ್ನು ಉಳಿಸಿಕೊಳ್ಳುವ ಮಾತು ಬಂತೇ? ಎಂಟು ವರ್ಷ ಬೆಳೆಸಿದ ಕಂಪನಿಯಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಷೇರಾದರೂ ಇದೆಯೇ? ಮನೆಯ ಕರ್ತವ್ಯ ನಿಮ್ಮ ಪಾಲಿಗೆ ಬಂತು, ಮನೆಯ ಹಕ್ಕು ಬರಲಿಲ್ಲ.

ಈ ಮಾತಿಗೆ ನಿಮ್ಮ ತಂದೆಯವರ ರೈಲ್ವೆಯನ್ನು ಹೋಲಿಸದೆ ಇರಲು ನನ್ನಿಂದಾಗದು. ಗದಗ ರಸ್ತೆಯ ವರ್ಕ್‌ಶಾಪಿನಲ್ಲಿ ಭೋಂಗಾ ಕೂಗಿದಾಗ ಒಳಗೆ ಹೋಗಿ ಭೋಂಗಾ ಕೂಗಿದಾಗ ಹೊರಗೆ ಬಂದ ತಲೆಮಾರು ಅದು. ಯಾವ ಫೋರ್‌ಮನ್ನನೂ ಅವರನ್ನು ಕೂರಿಸಿ ‘ನಾವೆಲ್ಲ ಒಂದೇ ಕುಟುಂಬ’ ಅಂದಿರಲಿಕ್ಕಿಲ್ಲ, ಬೈದಿರಬಹುದು. ಆದರೆ ವಾಸಕ್ಕೆ ಕ್ವಾರ್ಟರ್ಸ್, ಕಾಯಿಲೆಗೆ ರೈಲ್ವೆ ಆಸ್ಪತ್ರೆ, ಊರಿಗೆ ಹೋಗಲು ಪಾಸು, ಕೊನೆಗೆ ಪಿಂಚಣಿ, ನಡುವೆ ನೌಕರನೇ ತೀರಿಕೊಂಡರೆ ಮನೆಯ ಒಬ್ಬರಿಗೆ ಅನುಕಂಪದ ನೌಕರಿ. ಕೆಲಸದಿಂದ ತೆಗೆಯಬೇಕಾದರೆ ಆರೋಪ ಪತ್ರ, ವಿಚಾರಣೆ, ಉತ್ತರ ಕೊಡಲು ಅವಕಾಶ. ಅದಕ್ಕೆ ಸಂವಿಧಾನದ 311ನೇ ವಿಧಿ, 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳು. ಕುಟುಂಬ ಮಾಡಬೇಕಾದದ್ದನ್ನು ಅಲ್ಲಿ ನಿಯಮ ಮಾಡಿತು, ಯಾರ ಒಳ್ಳೆಯತನವನ್ನೂ ನೆಚ್ಚಿಕೊಳ್ಳಬೇಕಿರಲಿಲ್ಲ. ಅದೂ ಪುಕ್ಕಟೆ ಬಂದದ್ದಲ್ಲ. 1974ರ ಮೇ ತಿಂಗಳ ಅಖಿಲ ಭಾರತ ರೈಲ್ವೆ ಮುಷ್ಕರ ಇಪ್ಪತ್ತು ದಿನ ನಡೆದು ಮುರಿದುಬಿದ್ದಾಗ ದೇಶದಾದ್ಯಂತ ಸಾವಿರಾರು ಜನ ಜೈಲು ಕಂಡರು, ಕೆಲಸ ಕಳೆದುಕೊಂಡರು. ಬಹಳ ಜನ ವಾಪಸ್ ಬಂದದ್ದು 1977ರಲ್ಲಿ ಸರ್ಕಾರ ಬದಲಾದ ಮೇಲೆ. ನಿಮ್ಮ ತಂದೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿದ್ದೀತು, ಕೇಳಿ ನೋಡಿ.

ಖಾಸಗಿಯಲ್ಲಿ ಎಲ್ಲ ಮಾಲೀಕರೂ ಒಂದೇ ಅಂತಲೂ ಹೇಳಲಾರೆ. ದಾಜಿಬಾನ ಪೇಟೆಯ ಒಂದು ಜವಳಿ ಅಂಗಡಿಯ ಗುಮಾಸ್ತರ ಪ್ರಕರಣ ನನ್ನ ಬಳಿ ಬಂದಿತ್ತು. ಮೂವತ್ತು ವರ್ಷದ ಸೇವೆ. ಸಾಹುಕಾರರು ನಿಜಕ್ಕೂ ಮನೆಯವರಂತೆಯೇ ಇದ್ದರು: ಮಗಳ ಮದುವೆಗೆ ಕೊಟ್ಟ ಹಣ ವಾಪಸ್ ಕೇಳಲಿಲ್ಲ, ಹೆಂಡತಿಯ ಆಪರೇಷನ್ನಿಗೆ ತಾವೇ ಆಸ್ಪತ್ರೆಯಲ್ಲಿ ಕುಳಿತರು, ದೀಪಾವಳಿ ಪಾಡ್ಯದ ಪೂಜೆಯಲ್ಲಿ ಮೊದಲ ಬಟ್ಟೆ ಅವರಿಗೇ. ಇದೆಲ್ಲ ಇದ್ದದ್ದು ಸಾಹುಕಾರರ ಮನಸ್ಸಿನಲ್ಲಿ. ಅವರು ತೀರಿಕೊಂಡು ಪುಣೆಯಿಂದ ಮಗ ಬಂದು ಅಂಗಡಿ ಮುಚ್ಚಿದಾಗ ಗುಮಾಸ್ತರ ಕೈಯಲ್ಲಿ ನೇಮಕಾತಿ ಪತ್ರ ಇಲ್ಲ, ಹಾಜರಿ ಪುಸ್ತಕದಲ್ಲಿ ಸರಿಯಾಗಿ ಹೆಸರಿಲ್ಲ, ಪಿಎಫ್ ಇಲ್ಲವೇ ಇಲ್ಲ. ಅವರು ಆ ಮೂವತ್ತು ವರ್ಷ ಅಲ್ಲಿದ್ದರು ಎಂಬುದಕ್ಕೆ ನಮಗೆ ಸಿಕ್ಕ ಒಳ್ಳೆಯ ಸಾಕ್ಷಿ ಎಂದರೆ ಅಂಗಡಿಯ ಹಳೆಯ ಬಿಲ್ಲುಗಳ ಮೇಲಿದ್ದ ಅವರದೇ ಮೋಡಿ ಅಕ್ಷರ. ಸಾಹುಕಾರರ ಪ್ರೀತಿ ಸುಳ್ಳಲ್ಲ. ಅದನ್ನು ಮಗನಿಗೆ ವಾರಸಾ ಮಾಡಿ ಕೊಡಲು ಬರುವುದಿಲ್ಲ ಅಷ್ಟೇ. ನಿಮ್ಮ ಕಂಪನಿಯಲ್ಲೂ ನಾಳೆ ಸರ್ ಷೇರು ಮಾರಿ ಹೋದರೆ ಹೊಸಬರು ತೆರೆದು ನೋಡುವುದು ಒಪ್ಪಂದದ ಕಡತವನ್ನೇ.

‘ನಾವು ಕುಟುಂಬವಲ್ಲ’ ಎಂದು ನೇರವಾಗಿ ಹೇಳುವ ಕಂಪನಿಗಳೂ ಇವೆ. ಅಮೆರಿಕದ ನೆಟ್‌ಫ್ಲಿಕ್ಸ್ 2009ರಲ್ಲಿ ಹೊರಬಿಟ್ಟ ತನ್ನ ರೀತಿನೀತಿಗಳ ಸ್ಲೈಡುಗಳಲ್ಲೇ ತಾವು ಆಟದ ತಂಡವಿದ್ದಂತೆ, ಕುಟುಂಬವಲ್ಲ ಎಂದು ಬರೆದುಕೊಂಡಿತು. ಸಾಧಾರಣವಾಗಿ ಕೆಲಸ ಮಾಡುವವರಿಗೆ ಕೈತುಂಬ ಬಿಡುಗಡೆ ಹಣ ಕೊಟ್ಟು ಕಳಿಸುತ್ತೇವೆ ಎಂದೂ ಸೇರಿಸಿತು. ಇದು ಹೆಚ್ಚು ಪ್ರಾಮಾಣಿಕ ಎಂದು ಹಲವರು ಮೆಚ್ಚಿದರು. ನನಗೆ ಅರ್ಧ ಒಪ್ಪಿಗೆ. ಕೈತುಂಬ ಹಣ ಅನ್ನುವ ಭಾಗವನ್ನು ಬಿಟ್ಟು ತಂಡ ಅನ್ನುವ ಭಾಗವನ್ನಷ್ಟೇ ನಕಲು ಮಾಡುವ ಕಂಪನಿಗಳು ನಮ್ಮಲ್ಲಿ ಬೇಕಾದಷ್ಟು. ಹೆಸರು ಯಾವುದಾದರೂ ಇರಲಿ, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ಬಿಡುವುದಾಗಿ ಹೇಳಿತು, 2025ರ ಜುಲೈನಲ್ಲಿ ಟಿಸಿಎಸ್ ತನ್ನ ಶೇ 2ರಷ್ಟು ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಟಾಟಾ ಹೆಸರಿದ್ದರೆ ನೌಕರಿ ಗಟ್ಟಿ ಅಂತ ಮಗಳನ್ನು ಕೊಟ್ಟ ಮಾವಂದಿರು ನಮ್ಮೂರಿನಲ್ಲೂ ಇದ್ದಾರೆ.

ನಮ್ಮೂರಿನಲ್ಲಿ ಈ ‘ಮನೆ’ ಮಾತಿಗೆ ಇನ್ನೊಂದು ಬಲವಿದೆ. ಬೆಂಗಳೂರಿನಲ್ಲಿ ಕೆಲಸ ಹೋದರೆ ಮೆಟ್ರೊ ಹತ್ತಿ ಇನ್ನೊಂದು ಕಂಪನಿಗೆ ಹೋಗಬಹುದು. ಹುಬ್ಬಳ್ಳಿಯಲ್ಲಿ ನಿಮ್ಮ ಕೆಲಸಕ್ಕೆ ಗಿರಾಕಿಗಳು ಕೆಲವೇ ಜನ. ಇನ್ಫೊಸಿಸ್‌ನವರ ಕ್ಯಾಂಪಸ್ ಕಟ್ಟಿ ನಿಂತಿದ್ದರೂ ಅಲ್ಲಿಗೆ ಜನ ಬರಲೆಂದು ಊರವರು ಅಭಿಯಾನ ಮಾಡಬೇಕಾಯಿತು, 2024ರಲ್ಲಿ ಕಂಪನಿಯೇ ಇಲ್ಲಿಗೆ ವರ್ಗ ಕೇಳಿ ಬರುವವರಿಗೆ ದೊಡ್ಡ ಮೊತ್ತದ ಪ್ರೋತ್ಸಾಹ ಧನ ಘೋಷಿಸಬೇಕಾಯಿತು. ಇಂಥ ಊರಿನಲ್ಲಿ ಅಪ್ಪ ಅವ್ವನ ಜೊತೆ ಇದ್ದುಕೊಂಡು ಸಾಫ್ಟ್‌ವೇರ್ ಕೆಲಸ ಸಿಕ್ಕರೆ ಯಾರೇ ಆದರೂ ಹತ್ತು ಸಾವಿರ ಕಡಿಮೆಗೂ ಒಪ್ಪುತ್ತಾರೆ. ನೀವೂ ಒಪ್ಪಿದ್ದಿರಿ ಅಂತ ನನ್ನ ಊಹೆ. ಅಂದರೆ ನಿಮ್ಮ ನಿಜವಾದ ಮನೆಯ ಮೇಲಿನ ಪ್ರೀತಿಗೆ ಕಂಪನಿ ರಿಯಾಯಿತಿ ಪಡೆಯುತ್ತಿತ್ತು. ಇದು ತಪ್ಪಲ್ಲ, ವ್ಯವಹಾರ. ಆದರೆ ವ್ಯವಹಾರವೆಂದು ನಿಮಗೂ ಗೊತ್ತಿರಲಿ.

ಊರು ಸಣ್ಣದು, ಅರ್ಜಿ ಕೊಟ್ಟರೆ ನಾಳೆ ಯಾರೂ ಕರೆಯುವುದಿಲ್ಲ ಅಂತ ನಿಮ್ಮ ಜೊತೆಯವರು ಹೆದರಿಸಬಹುದು. ಬಾಕಿ ಕೇಳಿದ್ದಕ್ಕೆ ಕೆಲಸ ಸಿಗದವರನ್ನು ನಾನು ಕಂಡಿಲ್ಲ. ಕೆಲಸ ಹೋದ ಸಿಟ್ಟಿನಲ್ಲಿ ಗ್ರಾಹಕರ ಕಡತಗಳನ್ನು ಸ್ವಂತ ಮೇಲ್‌ಗೆ ಹಾಕಿಕೊಂಡು ಸಿಕ್ಕಿಬಿದ್ದವರನ್ನು ಕಂಡಿದ್ದೇನೆ. ಕೋಡ್, ಗ್ರಾಹಕರ ಮಾಹಿತಿ ಏನನ್ನೂ ಮುಟ್ಟಬೇಡಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಮೌಲ್ಯಮಾಪನ, ಸಂಬಳ ಹೆಚ್ಚಿಸಿದ ಪತ್ರ, ರಜೆಯ ಲೆಕ್ಕ ಇವು ನಿಮ್ಮವು, ಇವಿಷ್ಟನ್ನು ಇಟ್ಟುಕೊಳ್ಳಿ. ‘ಬಿಟ್ಟ ಮೇಲೆ ಇಂಥ ಕಂಪನಿಗೆ ಸೇರುವಂತಿಲ್ಲ’ ಅಂತ ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, 1872ರ ಕರಾರು ಕಾಯ್ದೆಯ 27ನೇ ಕಲಮಿನೆದುರು ಅದು ನಿಲ್ಲುವುದಿಲ್ಲ. ಪಿಎಫ್ ಹಣಕ್ಕೆ ಕೈ ಹಾಕುವ ಮೊದಲು ಒಮ್ಮೆ ಯೋಚಿಸಿ: ಪಿಂಚಣಿಗೆ 10 ವರ್ಷದ ಸೇವೆ ಬೇಕು, ನಿಮಗೆ ಎರಡು ವರ್ಷ ನಾಲ್ಕು ತಿಂಗಳು ಬಾಕಿ. ಹೊಸ ಕೆಲಸಕ್ಕೆ ಖಾತೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆ ಉಳಿಯುತ್ತದೆ. ಕಂಪನಿ ನಿಮ್ಮ ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ಸರಿಯಾಗಿ ಹಾಕಿದೆಯೇ ನೋಡಿ. ಹಾಕದಿದ್ದರೆ ನವನಗರದ ಪಿಎಫ್ ಕಚೇರಿಗೆ ಹೋಗಿ ಬನ್ನಿ.

ಆ ಕೆರೆ ದಂಡೆಯ ವಿಷಯ. ಇಂದು ಸಂಜೆಯೇ ತಂದೆಗೆ ಹೇಳಿ. ನಿಮ್ಮ ನಾಚಿಕೆ ನನಗೆ ಅರ್ಥವಾಗುತ್ತದೆ: ಕೆಲಸ ಹೋಗಿದ್ದಕ್ಕಿಂತ ಮನೆಯಿಂದ ಹೊರಗೆ ಹಾಕಿಸಿಕೊಂಡಂಥ ಅವಮಾನ ದೊಡ್ಡದು, ‘ಮನೆ’ ಅಂದುಕೊಂಡದ್ದರ ಬೆಲೆ ಅದು. ಆದರೆ ನಿಮ್ಮ ತಪ್ಪಿನಿಂದ ನಡೆದದ್ದಲ್ಲ ಅನ್ನುವುದನ್ನು ಮನಸ್ಸು ನಂಬಬೇಕಾದರೆ ಬಾಯಿ ಒಮ್ಮೆ ಜೋರಾಗಿ ಹೇಳಬೇಕು. ಮೂವತ್ತು ನಲವತ್ತು ವರ್ಷ ಮಸ್ಟರಿನಲ್ಲಿ ಹೆಸರು ಕೂಗಿಸಿಕೊಂಡವರು, ಯೂನಿಯನ್ನು, ಚಾರ್ಜ್‌ಶೀಟು ಎಲ್ಲ ಕಂಡವರು, ನೀವಂದುಕೊಂಡಷ್ಟು ಕುಗ್ಗುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಅಪ್ಪಂದಿರು ಮೊದಲು ಕೇಳುವ ಪ್ರಶ್ನೆ ‘ನೋಟಿಸ್ ಕೊಟ್ಟಾರೇನು?’ ಅಂತ. ಜೊತೆಗಿದ್ದ ಗೆಳತಿಯರನ್ನು ಕಂಪನಿಯ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡಬೇಡಿ. ಆ ಸ್ನೇಹ ನಿಮ್ಮದು. ಗ್ರೂಪಿನಿಂದ ತೆಗೆದವರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಳಗೆ ಉಳಿದವರನ್ನು ನಿಮ್ಮ ಪರ ಸಾಕ್ಷಿ ಹೇಳಿ ಅಂತ ಈಗಲೇ ಒತ್ತಾಯಿಸುವುದೂ ಬೇಡ, ಅವರಿಗೂ ತಿಂಗಳ ಕಂತುಗಳಿವೆ.

ಅವ್ವನ ವಿಮೆಯನ್ನು ಮಾತ್ರ ನಾಳೆಗೆ ಇಡಬೇಡಿ. ಕಂಪನಿಯ ಗುಂಪು ಪಾಲಿಸಿ ನಿಮ್ಮ ಕೊನೆಯ ಕೆಲಸದ ದಿನಕ್ಕೆ ಅಥವಾ ಅದರ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಹಾಗೆ ಬದಲಾಯಿಸಿಕೊಂಡರೆ ಮೊದಲೇ ಇರುವ ಕಾಯಿಲೆಗಳ ಕಾಯುವ ಅವಧಿಗೆ ಈವರೆಗೆ ಕಳೆದ ವರ್ಷಗಳನ್ನು ಎಣಿಸುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ಮಾತಲ್ಲ. ಹೊಸದಾಗಿ ಬೇರೆ ಕಡೆ ಪಾಲಿಸಿ ಮಾಡಿಸಲು ಹೋದರೆ ಆ ಎಣಿಕೆ ಮತ್ತೆ ಸೊನ್ನೆಯಿಂದ. ನೀವು ಇನ್ನೂ ನೌಕರಿಯಲ್ಲಿರುವಾಗಲೇ, ಅಂದರೆ ತಿಂಗಳ ಕೊನೆಯ ಒಳಗೇ, ಪಾಲಿಸಿ ನಂಬರ್ ಸಮೇತ ಎಚ್‌ಆರ್‌ಗೂ ವಿಮಾ ಕಂಪನಿಗೂ ಅರ್ಜಿ ಹೋಗಿರಬೇಕು. ರಾಜೀನಾಮೆಗೆ ಸಹಿ ಹಾಕಿಬಿಟ್ಟರೆ ಆ ಕೊನೆಯ ದಿನ ಯಾವುದು ಎಂದು ಅವರು ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಅದಕ್ಕೂ ಸೇರಿಯೇ ಸಹಿ ಬೇಡ ಅಂದದ್ದು. ಅವರ ಲೆಕ್ಕದ ಹಾಳೆ ಬಂದ ಮೇಲೆ ಕಳಿಸಿ, ಕೂಡಿಸಿ ನೋಡೋಣ.